ಮಾತ್ರೆ ಮುಗಿಯುವ ದಿನ ಯಾರಿಗೆ ಗೊತ್ತು?

ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

ಈ ತಿಂಗಳು ಮನಸ್ಸಿನ ಕಾಯಿಲೆಯ ಬಗ್ಗೆ ಪತ್ರಗಳು ಜಾಸ್ತಿ ಬಂದಿವೆ. ಮಂಡಕ್ಕಿ ಭಟ್ಟಿಯ ಹೊಗೆಗೆ ಕಿಟಕಿ ಮುಚ್ಚಿಕೊಂಡು ಎರಡು ಮಧ್ಯಾಹ್ನ ಕೂತು ಓದಿದೆ. ಹೊಸಬರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ. 1986ರಲ್ಲಿ ಹರಪನಹಳ್ಳಿ ತಾಲ್ಲೂಕಿನ ಒಂದು ಉಪಕೇಂದ್ರಕ್ಕೆ ಕಿರಿಯ ಆರೋಗ್ಯ ಸಹಾಯಕಿಯಾಗಿ ಸೇರಿದೆ. 2024ರಲ್ಲಿ ದಾವಣಗೆರೆಯಲ್ಲಿ ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾದೆ. ಮಾತ್ರೆಯ ಹೆಸರು ಬರೆದು "ಇದನ್ನ ಎಷ್ಟು ತಗೋಬೇಕು" ಎಂದು ಕೇಳಿದ ನಾಲ್ವರಿಗೆ ಇಲ್ಲಿ ಉತ್ತರ ಇಲ್ಲ. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

ಪ್ರಶ್ನೆ: ಸಿಸ್ಟರ್, ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಆಶಾ. ನಮ್ಮ ಬೀದಿಯಲ್ಲಿ 24 ವರ್ಷದ ಹುಡುಗ ಇದ್ದಾನೆ, ಐಟಿಐ ಮಾಡಿದ್ದಾನೆ. ಎರಡು ವರ್ಷದಿಂದ ಮನೆ ಬಿಟ್ಟು ಆಚೆ ಬರಲ್ಲ. ಒಬ್ಬನೇ ಮಾತಾಡ್ತಾನೆ. ಅವ್ವ ಬಡಿಸಿದ ಅನ್ನದಲ್ಲಿ ಯಾರೋ ಏನೋ ಹಾಕಿದ್ದಾರೆ ಅಂತಾನೆ. ದಾವಣಗೆರೆಯಲ್ಲಿ ತೋರಿಸಿದ್ರು. ನಾಲ್ಕು ತಿಂಗಳು ಮಾತ್ರೆ ತಗೊಂಡು ಚೆನ್ನಾಗಾದ, ಈರುಳ್ಳಿ ಕೀಳೋಕೂ ಬಂದಿದ್ದ. ಆಮೇಲೆ ಬಿಟ್ರು. ಈಗ ಮೊದಲಿಗಿಂತ ಜಾಸ್ತಿ. "ಮಾತ್ರೆ ತಿಂದ್ರೆ ಮಲಗೇ ಇರ್ತಾನೆ, ಅದೇನು ವಾಸಿಯಾಗಾದು" ಅಂತ ಅವರವ್ವ ಅಂತಾರೆ. ನಾನು ಹೋದ್ರೆ ಬಾಗಿಲು ಹಾಕ್ಕೊಳ್ತಾರೆ. ಏನು ಮಾಡ್ಲಿ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಎರಡೇ ಪದದ ಒಂದು ವಾಕ್ಯ ಇದೆ. "ಆಮೇಲೆ ಬಿಟ್ರು." ನಾನು ಅಲ್ಲೇ ನಿಂತುಬಿಟ್ಟೆ. ಯಾವತ್ತು ಬಿಟ್ಟರು, ಯಾಕೆ ಬಿಟ್ಟರು ಅಂತ ಕೇಳಿದ್ದೀರಾ?

ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಯಾರೂ ಕೂತು ಯೋಚಿಸಿ ಮಾತ್ರೆ ಬಿಡಿಸಿದ್ದಲ್ಲ. ಮಾತ್ರೆ ಮುಗಿಯಿತು, ಅಷ್ಟೇ. ಡಾಕ್ಟರ್ ಒಂದು ತಿಂಗಳಿಗೆ ಕೊಟ್ಟಿರುತ್ತಾರೆ. ಮುಗಿದ ದಿನ ಮೆಕ್ಕೆಜೋಳ ಮುರಿಯುವ ಕೆಲಸ ಇರುತ್ತದೆ, ಇಲ್ಲ ಊರ ಹಬ್ಬ ಇರುತ್ತದೆ. ಜಗಳೂರಿಂದ ದಾವಣಗೆರೆಗೆ ಹೋಗಿ ಬರುವುದು ಅಂದರೆ ಇಬ್ಬರ ಒಂದು ದಿನದ ಕೂಲಿ. ಈಗ ಶಕ್ತಿ ಯೋಜನೆ ಬಂದು ಅವ್ವನಿಗೆ ಟಿಕೆಟ್ ಇಲ್ಲ, ಸರಿ. ಮಗನಿಗೆ ಇದೆ. ಜೊತೆಗೆ ಅವನು ಬಸ್ಸಲ್ಲಿ ಏನು ಮಾತಾಡಿಬಿಡ್ತಾನೋ ಅನ್ನೋ ನಾಚಿಕೆ. "ಮುಂದಿನ ವಾರ ನೋಡಾಣ" ಅಂತಾರೆ. ಆ ಮುಂದಿನ ವಾರ ಬರುವುದೇ ಇಲ್ಲ.

ಇದರಲ್ಲಿ ಒಂದು ಮೋಸ ಇದೆ. ಮಾತ್ರೆ ನಿಂತ ಮರುದಿನ ಏನೂ ಆಗುವುದಿಲ್ಲ. ಎಷ್ಟೋ ಸಲ ವಾರ ಕಳೆದರೂ ಆಗುವುದಿಲ್ಲ. ಉಲ್ಟಾ, ಮಂಪರು ಇಳಿದು ಹುಡುಗ ಚುರುಕಾಗಿ ಕಾಣುತ್ತಾನೆ. "ನೋಡಿದ್ರಾ, ಆ ಮಾತ್ರೆನೇ ಇವನನ್ನ ಕೆಡಿಸಿತ್ತು" ಎಂದು ಅವ್ವನಿಗೆ ಖಾತ್ರಿಯಾಗುತ್ತದೆ. ಎರಡು ಮೂರು ತಿಂಗಳ ಮೇಲೆ ಕಾಯಿಲೆ ಮರಳುತ್ತದೆ. ಅಷ್ಟು ಹೊತ್ತಿಗೆ ಅದಕ್ಕೂ ಮಾತ್ರೆ ನಿಂತಿದ್ದಕ್ಕೂ ಗಂಟು ಹಾಕುವವರು ಯಾರು? ಅವ್ವ ದಡ್ಡಿ ಅಲ್ಲ. ಅವಳ ಕಣ್ಣಿಗೆ ಕಂಡದ್ದನ್ನೇ ಅವಳು ಹೇಳುತ್ತಿದ್ದಾಳೆ.

ಅದಕ್ಕೇ ಅವಳ ಜೊತೆ ವಾದಕ್ಕೆ ಇಳಿಯಬೇಡಿ. ಮಗನ ವಿಷಯಕ್ಕೇ ಹೋಗಬೇಡಿ, ಮೊದಲ ಎರಡು ಸಲ. ಬಿ.ಪಿ. ನೋಡೋಕೆ ಬಂದೆ ಅನ್ನಿ, ಮಜ್ಜಿಗೆ ಕೊಟ್ಟರೆ ಕುಡಿಯಿರಿ. "ನಿಮಗೆ ರಾತ್ರಿ ನಿದ್ದೆ ಬರುತ್ತಾ ಅಕ್ಕಾ?" ಎಂದು ಕೇಳಿ. ಎರಡು ವರ್ಷದಿಂದ ಆ ಹೆಂಗಸನ್ನ ಯಾರೂ ಈ ಮಾತು ಕೇಳಿರಲಿಕ್ಕಿಲ್ಲ. ಮೂರನೇ ಸಲ ಅವಳೇ ಮಗನ ಮಾತು ತೆಗೆಯುತ್ತಾಳೆ. ನಿಮ್ಮ ಹಿಂದೆ ನಾಲ್ಕು ಜನ ಹೋಗುವುದು ಬೇಡ. ಬೀದಿಯೆಲ್ಲ ಬಾಗಿಲಲ್ಲಿ ನಿಂತು ನೋಡಿದರೆ ಯಾರಾದರೂ ಚಿಲಕ ಹಾಕಿಕೊಳ್ಳುತ್ತಾರೆ.

ಹುಡುಗನ ಜೊತೆ ಅನ್ನದ ಮಾತು ಬಂದರೆ "ಯಾರೂ ಏನೂ ಹಾಕಿಲ್ಲ ಕಣೋ" ಎಂದು ಜಗಳಕ್ಕೆ ನಿಲ್ಲಬೇಡಿ. "ಹೌದು, ಹಾಕಿದ್ದಾರೆ" ಎಂದೂ ಅನ್ನಬೇಡಿ. "ನಿನಗೆ ಹಾಗನ್ನಿಸಿದರೆ ಭಯ ಆಗುತ್ತೆ ಅಲ್ವಾ" ಅಂದರೆ ಸಾಕು. ಭಯ ಅಂತೂ ನಿಜ ತಾನೆ.

ಮಂಪರಿಗೆ ದಾರಿ ಇದೆ. ಮಾತ್ರೆಯನ್ನು ರಾತ್ರಿ ಹೊತ್ತಿಗೆ ಬದಲಿಸಬಹುದು, ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು. ಡಾಕ್ಟರಿಗೆ ಹೇಳಿದರೆ ತಾನೆ ಅವರಿಗೆ ಗೊತ್ತಾಗುವುದು? ನಮ್ಮ ಜನ ಡಾಕ್ಟರ್ ಮುಂದೆ "ಚೆನ್ನಾಗಿದ್ದಾನೆ ಸಾರ್" ಎಂದು ಹೇಳಿ ಆಚೆ ಬಂದು ನಮ್ಮ ಹತ್ತಿರ ಗೋಳಾಡುತ್ತಾರೆ. ನೀವೇ ಜೊತೆಗೆ ಹೋಗಿ ಹೇಳಿ. ದಿನಾ ಮಾತ್ರೆ ನುಂಗಿಸುವುದು ಆಗದ ಮನೆಗಳಿಗೆ ಎರಡರಿಂದ ನಾಲ್ಕು ವಾರಕ್ಕೆ ಒಂದು ಸಲ ಕೊಡುವ ಸೂಜಿಯೂ ಇದೆ. ಅದರಿಂದ ಕೆಲವರಿಗೆ ಕೈ ನಡುಕ, ಮೈ ಬಿಗಿತ ಬರುತ್ತದೆ. ಅದನ್ನು ತಗ್ಗಿಸಲೂ ಔಷಧಿ ಇದೆ. ಈ ಹುಡುಗನಿಗೆ ಸರಿಹೋಗುತ್ತದಾ ಎಂದು ಮನೋವೈದ್ಯರನ್ನು ಕೇಳಿ.

ಪ್ರತಿ ಸಲ ದಾವಣಗೆರೆಗೇ ಹೋಗಬೇಕಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಇಷ್ಟು ದೂರ ಬಂದು "ಇವತ್ತು ಡಾಕ್ಟರ್ ಇಲ್ಲ" ಅನ್ನಿಸಿಕೊಂಡ ಮನೆಯವರು ಎರಡನೇ ಸಲ ಬರುವುದು ಕಷ್ಟ.

ಇನ್ನು ನನ್ನ ಹಳೇ ವಿದ್ಯೆ. ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಅದರಲ್ಲಿ ಕಾಯಿಲೆಯ ಹೆಸರು ಬೇಡ. ಮನೆ ಗುರುತು, ಮಾತ್ರೆ ಮುಗಿಯುವ ತಾರೀಕು, ಇಷ್ಟೇ. ತಾರೀಕಿಗೆ ಐದು ದಿನ ಮುಂಚೆ ಆ ಮನೆಗೆ ಹೋಗಿ. ಕ್ಷಯದವರಿಗೆ ಕಾರ್ಡ್ ಇದೆ, ಗರ್ಭಿಣಿಗೆ ತಾಯಿ ಕಾರ್ಡ್ ಇದೆ, ಮಗುವಿನ ಚುಚ್ಚುಮದ್ದಿನ ದಿನ ಊರಿಗೇ ಗೊತ್ತು. ಇವರ ತಾರೀಕು ಮಾತ್ರ ಯಾರ ಹತ್ತಿರವೂ ಇರುವುದಿಲ್ಲ. ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟರು ಎಲ್ಲ ಬೇಕು, ನಿಜ. ಆದರೆ ನಾನು ಕಳೆದುಕೊಂಡ ರೋಗಿಗಳನ್ನು ಲೆಕ್ಕ ಹಾಕಿದರೆ ಹೆಚ್ಚಿನವರು ತಪ್ಪಿಹೋದದ್ದು ಈ ತಾರೀಕಿನಲ್ಲಿ.

ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ವಿ.ಆರ್.ಡಬ್ಲ್ಯೂ ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರನ್ನು ಜೊತೆ ಮಾಡಿಕೊಳ್ಳಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ವೈದ್ಯರು ನೋಡಿ ವೈಕಲ್ಯ 40% ಅಥವಾ ಅದಕ್ಕಿಂತ ಜಾಸ್ತಿ ಎಂದು ಬರೆದುಕೊಟ್ಟರೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಕಾಲಿಲ್ಲದವರಿಗೆ ಮಾತ್ರ ಅಂತ ಇನ್ನೂ ಎಷ್ಟೋ ಜನ ತಿಳಿದಿದ್ದಾರೆ. ನಿಮ್ಮ ಜಗಳೂರು ತಾಲ್ಲೂಕಿನಲ್ಲೇ ನಿಮ್ಹಾನ್ಸ್‌ನವರು ಆಶಾಗಳನ್ನೂ ವಿ.ಆರ್.ಡಬ್ಲ್ಯೂಗಳನ್ನೂ ಸೇರಿಸಿಕೊಂಡು ಇಂಥ ಮನೆಗಳಿಗೆ ಹೋಗುವ ಕೆಲಸ ಮಾಡಿದ್ದಾರೆ. ಆಶಾಗೆ ಇದಕ್ಕೆ ಅಂತಲೇ ಪ್ರೋತ್ಸಾಹಧನ ಕೊಟ್ಟರೆ ಏನಾಗುತ್ತದೆ ಎಂದೂ ನೋಡಿದ್ದಾರೆ. ಕೊಡಲೇಬೇಕು ಅನ್ನುವವಳು ನಾನು. ನಿಮ್ಮ ಹೆಗಲಿಗೆ ಸುಮ್ನೆ ಇನ್ನೊಂದು ಚೀಲ ಹಾಕಿದರೆ ಆ ನೋಟ್‌ಬುಕ್ ಎಷ್ಟು ದಿನ ನಡೆದೀತು?

ಪ್ರಶ್ನೆ: ಹೋದ ತಿಂಗಳು ನೀವು "ತಾಯತ ತೆಗೆಸಬೇಡಿ" ಎಂದು ಬರೆದಿದ್ದಿರಿ. ಆರೋಗ್ಯ ಇಲಾಖೆಯಲ್ಲಿ ಅಷ್ಟು ವರ್ಷ ದುಡಿದವರು ಮೂಢನಂಬಿಕೆಗೆ ನೀರೆರೆಯಬಹುದೇ? (ನಿವೃತ್ತ ಶಿಕ್ಷಕರು, ಹರಿಹರ)

ಉತ್ತರ: ಮೇಷ್ಟ್ರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ನನಗೆ ನಿಮಗಿಂತ ಜಾಸ್ತಿ ಸಿಟ್ಟಿತ್ತು. ಆಗ ನಡೆದದ್ದು ಹೇಳುತ್ತೇನೆ.

1988. ಒಬ್ಬ ಹೆಣ್ಣುಮಗಳಿಗೆ ಹೆರಿಗೆಯಾಗಿ ಹತ್ತು ದಿನ. ನಿದ್ದೆ ಇಲ್ಲ, ಮಗುವನ್ನ ಮುಟ್ಟುವುದಿಲ್ಲ, "ಇದು ನನ್ನದಲ್ಲ, ಬದಲಾಯಿಸಿದ್ದಾರೆ" ಎನ್ನುತ್ತಾಳೆ. ನಮ್ಮ ಕಡೆ ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಅದು. ಬೇಗ ಹಿಡಿದರೆ ಚೆನ್ನಾಗಿ ವಾಸಿಯಾಗುವ ಕಾಯಿಲೆ. ನಾನು ಹೊಸದಾಗಿ ತರಬೇತಿ ಮುಗಿಸಿ ಬಂದಿದ್ದೆ, ನೋಡಿದ ತಕ್ಷಣ ಗೊತ್ತಾಯಿತು. ಗೊತ್ತಾಯಿತು ಅನ್ನೋ ಹಮ್ಮೂ ಬಂತು. ಅವಳ ತೋಳಿಗೆ ಕರಿದಾರ, ಕೊರಳಿಗೆ ತಾಯತ, ಸೊಂಟಕ್ಕೆ ಇನ್ನೊಂದು. ಅತ್ತೆಯ ಎದುರೇ ಚೀಲದಿಂದ ಕತ್ತರಿ ತೆಗೆದು ಮೂರನ್ನೂ ಕತ್ತರಿಸಿದೆ. "ಇದರಿಂದ ಏನೂ ಆಗಲ್ಲ, ನಾಳೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ" ಅಂದೆ.

ಬರಲಿಲ್ಲ. ಮರುದಿನ ಹೋದರೆ ಮನೆಗೆ ಬೀಗ. ತವರಿಗೆ ಕಳಿಸಿದ್ದರು, ಅಲ್ಲಿಂದ ಇನ್ಯಾವುದೋ ಗುಡ್ಡಕ್ಕೆ. ದಾರ ಕತ್ತರಿಸಿದ್ದರಿಂದಲೇ ಜಾಸ್ತಿಯಾಯಿತು ಎಂದು ಊರಲ್ಲಿ ಮಾತಾಯಿತು. ಆ ತಾಯಿ ಚಿಕಿತ್ಸೆಗೆ ಬಂದದ್ದು ಎಂಟು ತಿಂಗಳ ಮೇಲೆ. ಬಂದು ಆರು ವಾರಕ್ಕೆ ಮಗುವನ್ನು ಎತ್ತಿಕೊಂಡಳು. ಅಷ್ಟರಲ್ಲಿ ಆ ಮಗು ಅಜ್ಜಿಯನ್ನೇ ಅವ್ವ ಅನ್ನುತ್ತಿತ್ತು. ಆ ಎಂಟು ತಿಂಗಳು ನನ್ನ ಕತ್ತರಿಯಿಂದ ಹೋದದ್ದು, ಮೇಷ್ಟ್ರೇ. ಬೇರೆ ಯಾರಿಂದಲೂ ಅಲ್ಲ.

ಅಂದಿನಿಂದ ನಾನು ದಾರದ ಪಕ್ಕದಲ್ಲೇ ಮಾತ್ರೆ ಕೊಡುವುದನ್ನು ಕಲಿತೆ. "ದೇವರ ಕೆಲಸ ದೇವರು ಮಾಡಲಿ, ಮಾತ್ರೆ ಕೆಲಸ ಮಾತ್ರೆ ಮಾಡಲಿ" ಅಂದರೆ ಯಾವ ಅಜ್ಜಿಯೂ ಬೇಡ ಅನ್ನುವುದಿಲ್ಲ. ಒಬ್ಬ ಪೂಜಾರಪ್ಪ ಅಂತೂ ಆಮೇಲೆ ತಾನೇ ಜನರನ್ನು ನಮ್ಮ ಹತ್ತಿರ ಕಳಿಸುತ್ತಿದ್ದ. ಅಂತ್ರ ಕಟ್ಟಿ, "ಇದು ಫಲ ಕೊಡಬೇಕಾದರೆ ನರ್ಸಮ್ಮನ ಮಾತ್ರೆ ತಪ್ಪಿಸಬಾರದು" ಎಂದು ಹೇಳಿ ಕಳಿಸುತ್ತಿದ್ದ! ಅವನಿಗೆ ಯಾವ ಇಲಾಖೆಯೂ ಸಂಬಳ ಕೊಡಲಿಲ್ಲ.

ಆದರೆ ಸರಪಳಿ ಕಂಡರೆ ನಾನು ಸುಮ್ಮನಿರುವವಳಲ್ಲ. ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಉಪವಾಸ ಕೆಡವುವುದು, ಯಾವುದಕ್ಕೂ ಸುಮ್ಮನಿರುವುದಿಲ್ಲ. ತಮಿಳುನಾಡಿನ ಎರ್ವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದ ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿದ್ದರು. 28 ಜನ ಸತ್ತರು. ಓಡಿಹೋಗಲು ಆಗಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಅಂಥದ್ದು ಕಂಡರೆ ನೀವೂ ಪೊಲೀಸರಿಗೆ ಹೇಳಿ, ನಾನೂ ಹೇಳುತ್ತೇನೆ. ಅಲ್ಲಿ ನಾವಿಬ್ಬರೂ ಒಂದೇ ಪಕ್ಷ.

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನ ಗ್ರಾಮ ಪಂಚಾಯ್ತಿ ಸದಸ್ಯೆ. ಊರಲ್ಲಿ ಒಂದು ದೊಡ್ಡ ಮಾನಸಿಕ ಆರೋಗ್ಯ ಶಿಬಿರ ಮಾಡಿಸಬೇಕು ಅಂತ ಇದೆ. ಹೇಗೆ ಮಾಡಿದರೆ ಚೆನ್ನ? ಒಳ್ಳೆಯ ಭಾಷಣಕಾರರು ಯಾರಾದರೂ ಇದ್ದಾರಾ?

ಉತ್ತರ: ಭಾಷಣಕಾರರು ಬೇಕಾದಷ್ಟು ಇದ್ದಾರೆ. ಅದೇ ತೊಂದರೆ.

ಬೇಜಾರು ಮಾಡಿಕೊಳ್ಳಬೇಡಿ. ನಾನೇ ಎಷ್ಟೋ ಶಿಬಿರದಲ್ಲಿ ಟೇಬಲ್ ಹಾಕಿಕೊಂಡು ಕೂತಿದ್ದೇನೆ. ಶಾಮಿಯಾನ, ಮೈಕು, ಶಾಲು, ಹಾರ, ಉಪ್ಪಿಟ್ಟು ಕೇಸರಿಬಾತು. ಒಂದೂವರೆ ತಾಸು ಗಣ್ಯರ ಮಾತು. ಮಧ್ಯಾಹ್ನ ರೋಗಿಗಳನ್ನು ನೋಡುವ ಹೊತ್ತಿಗೆ ಡಾಕ್ಟರಿಗೆ ಇನ್ನೊಂದು ಕಡೆ ಹೋಗುವ ಅವಸರ. ಹದಿನೈದು ದಿನದ ಮಾತ್ರೆ ಕೊಟ್ಟು ಕಳಿಸುತ್ತೇವೆ. ಹದಿನಾರನೇ ದಿನ ಏನು? ಫೋಟೊ ಪೇಪರಿನಲ್ಲಿ ಬಂದಿರುತ್ತದೆ, ಅಷ್ಟೇ. ಒಂದು ಸಲ ಹೀಗಾದ ಮನೆಯವರು "ಅದೂ ನೋಡಿಯಾಯ್ತು" ಅನ್ನುತ್ತಾರೆ. ಮುಂದೆ ಅವರನ್ನು ಹೊರಡಿಸುವುದು ಇನ್ನೂ ಕಷ್ಟ.

ಲೆಕ್ಕ ನೋಡಿ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ 10.6% ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತು. ಹೆಚ್ಚಿನ ಕಾಯಿಲೆಗಳಲ್ಲಿ ಹತ್ತರಲ್ಲಿ ಏಳಕ್ಕಿಂತ ಜಾಸ್ತಿ ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಿಮ್ಮ ಪಂಚಾಯ್ತಿಯಲ್ಲಿ ನಾಲ್ಕು ಸಾವಿರ ದೊಡ್ಡವರು ಇದ್ದರೆ ಸುಮಾರು ನಾನೂರು ಜನ. ಒಂದು ದಿನದ ಶಾಮಿಯಾನದಲ್ಲಿ ಹಿಡಿಸುತ್ತಾರಾ? ಸಮೀಕ್ಷೆ ಮಾಡಿದ ಹೆಚ್ಚಿನ ರಾಜ್ಯಗಳಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ ಎಂದು ಅದೇ ಸಮೀಕ್ಷೆ ಹೇಳಿತು.

ಮನೋವೈದ್ಯರಿಗೆ ಕಾಯುತ್ತಾ ಕೂರಬಾರದು ಅನ್ನೋದು ಹೊಸ ಮಾತೇನಲ್ಲ, ಜಿಲ್ಲೆಯ ಮಟ್ಟದಲ್ಲಿ ಅದು ನಮ್ಮ ಕಡೆಯೇ ಶುರುವಾದದ್ದು. ನಾನು ಕೆಲಸಕ್ಕೆ ಸೇರಿದಾಗ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. (1997ರಲ್ಲಿ ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ತಾಲ್ಲೂಕು ಇದ್ದಲ್ಲೇ ಇದೆ, ಬೋರ್ಡು ಬರೆಯುವವನಿಗೆ ಕೆಲಸ.) ಆ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೂ ನಮ್ಮಂಥ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಕುಟುಂಬ ಯೋಜನೆ ಟಾರ್ಗೆಟ್ಟಿನಲ್ಲೇ ನಮ್ಮ ತಲೆ ತುಂಬಿತ್ತು. "ಇನ್ನು ಹುಚ್ಚು ಹಿಡಿದವರ ಲೆಕ್ಕವೂ ನಾವೇ ಬರೀಬೇಕಾ" ಎಂದು ಗೊಣಗಿಕೊಂಡೇ ಹೋದೆವು. ನಾಲ್ಕೈದು ಬಗೆಯ ಮಾತ್ರೆ, ಒಂದು ಬಗೆಯ ಸೂಜಿ, ಅಷ್ಟೇ ಇದ್ದದ್ದು. ಮೂರ್ಛೆ ರೋಗದವರೂ ಅದೇ ಪಟ್ಟಿಯಲ್ಲಿದ್ದರು. ಗುರುತಿಸುವುದು ನಮ್ಮ ಕೆಲಸ, ಮಾತ್ರೆ ಬರೆಯುವುದು ಆರೋಗ್ಯ ಕೇಂದ್ರದ ಡಾಕ್ಟರ್ ಕೆಲಸ, ಮತ್ತೆ ಮನೆಗೆ ಹೋಗಿ ನೋಡುವುದು ನಮ್ಮದೇ. ಬಳ್ಳಾರಿಯಲ್ಲಿ ನಡೆಯುತ್ತದೆ ಎಂದಾದ ಮೇಲೆ ಕೇಂದ್ರ ಸರ್ಕಾರ 1996ರಲ್ಲಿ ಅದೇ ಮಾದರಿಯನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ಮಾಡಿತು. ಮೊದಲು ನಾಲ್ಕು ಜಿಲ್ಲೆಯಲ್ಲಿ, ಆಮೇಲೆ ದೇಶದ ಬೇರೆ ಕಡೆಗೂ.

ಇನ್ನೊಂದು, ದೂರದ್ದು. ಆಫ್ರಿಕಾದ ಜಿಂಬಾಬ್ವೆಯಲ್ಲಿ ಮನೋವೈದ್ಯರು ಬೆರಳೆಣಿಕೆ. ಅಲ್ಲಿನ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ ಹರಾರೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟರು. ಆಸ್ಪತ್ರೆ ಅಂಗಳದಲ್ಲಿ ಮರದ ಬೆಂಚು, ಅದರ ಮೇಲೆ ಅಜ್ಜಿ, ಪಕ್ಕದಲ್ಲಿ ಮನಸ್ಸು ಕುಗ್ಗಿದವರು. ಅಜ್ಜಿ ಉಪದೇಶ ಮಾಡುವುದಿಲ್ಲ. ತೊಂದರೆಗಳನ್ನೆಲ್ಲ ಕೇಳಿ, ಒಂದನ್ನು ಆರಿಸಿ, ಅದಕ್ಕೆ ಈ ವಾರ ಏನು ಮಾಡಬಹುದು ಎಂದು ಅವರ ಬಾಯಿಂದಲೇ ಹೊರಡಿಸುತ್ತಾಳೆ. ಅಲ್ಲಿನ ಶೋನಾ ಭಾಷೆಯಲ್ಲಿ ಈ ಕಾಯಿಲೆಗೆ ಇರುವ ಮಾತಿನ ಅರ್ಥ "ವಿಪರೀತ ಯೋಚನೆ" ಅಂತ. ನಮ್ಮವರೂ "ಯೋಚ್ನೆ ಜಾಸ್ತಿ ಆಗೈತೆ" ಅಂತಲೇ ತಾನೆ ಅನ್ನೋದು! 573 ಜನರ ಮೇಲೆ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ಬೆಂಚಿನಲ್ಲಿ ಕೂತವರು ಆರು ತಿಂಗಳ ಮೇಲೆ ಉಳಿದವರಿಗಿಂತ ಚೆನ್ನಾಗಿದ್ದರು. ನಮ್ಮಲ್ಲಿ ಕಟ್ಟೆಯೂ ಇದೆ, ಅಜ್ಜಿಯರೂ ಇದ್ದಾರೆ. ಒಂದೇ ಅಡ್ಡಿ, ನಮ್ಮ ಅಜ್ಜಿಯರಿಗೆ ಕೇಳುವುದಕ್ಕಿಂತ ಹೇಳುವುದರಲ್ಲಿ ಉತ್ಸಾಹ ಜಾಸ್ತಿ. ನನ್ನನ್ನೂ ಸೇರಿಸಿ.

ಹಾಗಾಗಿ ಶಿಬಿರದ ದುಡ್ಡಿನಲ್ಲಿ ಹೀಗೆ ಮಾಡಿ. ವರ್ಷವಿಡೀ ತಿಂಗಳಿಗೆ ಒಂದು ಮಂಗಳವಾರ ಒಂದು ಗಾಡಿ ಗೊತ್ತು ಮಾಡಿ, ಊರಿಂದ ಚನ್ನಗಿರಿ ಆಸ್ಪತ್ರೆಗೆ ಹೋಗಿ ಬರಲು. ಟಾಟಾ ಏಸ್ ಬೇಡ, ಕುರಿ ತುಂಬಿದಂತಾಗುತ್ತದೆ, ಸೀಟಿರುವ ಗಾಡಿ ಇರಲಿ. "ತಲೆ ಕೆಟ್ಟವರ ಗಾಡಿ" ಅನ್ನೋ ಹೆಸರು ಬೀಳದಂತೆ ಬಿ.ಪಿ., ಶುಗರ್ ರೋಗಿಗಳನ್ನೂ ಅದರಲ್ಲೇ ಕಳಿಸಿ. ನಿಮ್ಮ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾನಸಿಕ ಕಾಯಿಲೆಯ ಮಾತ್ರೆ ದಾಸ್ತಾನು ಇದೆಯಾ, ಮುಂದಿನ ಮೂರು ತಿಂಗಳಿಗೆ ಬೇಡಿಕೆ ಕಳಿಸಿದ್ದಾರಾ ಎಂದು ಕೇಳಿ. ಸದಸ್ಯೆ ಕೇಳಿದರೆ ಉತ್ತರ ಬರುತ್ತದೆ. ಒಂದು ಕಡೆ ನನ್ನ ರೋಗಿಗಳಿಗೆ "ಖಾಲಿ ಆಗಿದೆ, ಮುಂದಿನ ವಾರ ಬನ್ನಿ" ಎಂದು ಮೂರು ವಾರ ಹೇಳಿ ಕಳಿಸಿದ್ದರು. ಹನ್ನೊಂದು ಜನರಲ್ಲಿ ನಾಲ್ಕನೇ ವಾರ ಬಂದದ್ದು ಇಬ್ಬರು. ದುಡ್ಡು ಮಿಕ್ಕರೆ ಉಪ್ಪಿಟ್ಟು ಮಾಡಿಸಿ, ಬೇಡ ಅನ್ನಲ್ಲ.

ಪ್ರಶ್ನೆ: ನಮ್ಮ ಯಜಮಾನ್ರು ದಿನಾ ಕುಡೀತಾರೆ. ಅವರಿಗೆ ಗೊತ್ತಾಗದಂತೆ ಟೀಗೆ ಹಾಕುವ ಔಷಧಿ ಇದೆಯಂತೆ. ತರಿಸಲಾ? (ಹೆಸರು ಬೇಡ, ದಾವಣಗೆರೆ)

ಉತ್ತರ: ಬೇಡ. ಖಂಡಿತ ಬೇಡ ಅಕ್ಕಾ. ಹೀಗೆ ಗುಟ್ಟಾಗಿ ಮಾರುವುದರಲ್ಲಿ ಏನಿದೆಯೋ ಯಾರಿಗೆ ಗೊತ್ತು. ಅದು ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ಆಗಿದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪಾಗಿ, ವಾಂತಿಯಾಗಿ, ಬಿ.ಪಿ. ಕುಸಿದು ಜೀವಕ್ಕೇ ಅಪಾಯ ಬರಬಹುದು. ಡಾಕ್ಟರು ಅದನ್ನು ಕೊಡುವುದೇ ರೋಗಿಗೆ ಎಲ್ಲ ಹೇಳಿ, ಒಪ್ಪಿಸಿ, ಪರೀಕ್ಷೆ ಮಾಡಿ.

ಇನ್ನೊಂದು ವಿಷಯ. ದಿನಾ ಜಾಸ್ತಿ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಮೈ ನಡುಗಿ, ಇಲ್ಲದ್ದು ಕಂಡು, ದಿಕ್ಕು ತಪ್ಪಬಹುದು. ಜನ ಇದನ್ನೇ ದೆವ್ವ ಅಂದುಕೊಳ್ಳುವುದು. ಇದು ತುರ್ತು, ಅವತ್ತೇ ಆಸ್ಪತ್ರೆಗೆ ಸೇರಿಸಬೇಕು. ಅವರು ಬರುವುದಿಲ್ಲ ಅಂದರೆ ಮೊದಲು ನೀವೊಬ್ಬರೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ ಮಾತಾಡಿ. ರೋಗಿಯೇ ಬರಬೇಕು ಅಂತಿಲ್ಲ.

ಪ್ರಶ್ನೆ: ನಮ್ಮದು ಚಳ್ಳಕೆರೆ ಕಡೆ. ಅಣ್ಣನಿಗೆ ಎರಡು ವರ್ಷ ಶೇಂಗಾ ಕೈಕೊಟ್ಟಿತು, ಬೋರ್‌ವೆಲ್ ಸಾಲ ಇದೆ. ಈಗ ಮಾತೇ ಆಡಲ್ಲ. ಮೊನ್ನೆ "ನಾನಿದ್ದು ಏನು ಉಪಯೋಗ" ಅಂದ. ಬಿಡಿಸಿ ಕೇಳೋಣ ಅಂದರೆ, ನಾನೇ ಅವನ ತಲೆಗೆ ಇಲ್ಲದ್ದು ಹಾಕಿದಂತಾದರೆ ಅಂತ ಭಯ.

ಉತ್ತರ: ತಮ್ಮಾ, ಕೇಳಿ. ಇವತ್ತೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಅದನ್ನು ಒಬ್ಬನೇ ಹೊತ್ತಿರುವವನಿಗೆ ಇಳಿಸಲು ಒಂದು ಜಾಗ ಸಿಗುತ್ತದೆ. ಸುತ್ತಿ ಬಳಸಿ ಬೇಡ. ಹೊಲದ ಕಡೆ ಇಬ್ಬರೇ ಹೋದಾಗ, ಮುಖ ನೋಡದೆ ನಡೆಯುತ್ತಾ ಮಾತಾಡುವುದು ನಮ್ಮ ಗಂಡಸರಿಗೆ ಸುಲಭ. "ಅಣ್ಣಾ, ಸಾಯಬೇಕು ಅಂತ ಅನ್ನಿಸ್ತಿದೆಯಾ?" ಎಂದು ಇದೇ ಮಾತಲ್ಲಿ ಕೇಳಿ. ಹೌದು ಅಂದರೆ "ಹಂಗೆಲ್ಲ ಅನಬಾರದು, ಮಕ್ಕಳ ಮುಖ ನೋಡು" ಎಂದು ತಕ್ಷಣ ಬಾಯಿ ಮುಚ್ಚಿಸಬೇಡಿ. ಮಕ್ಕಳ ಮುಖ ನೋಡಿಯೇ ಅವನಿಗೆ ಹೆಚ್ಚು ಸಂಕಟ ಆಗಿರುವುದು. ಪೂರ್ತಿ ಹೇಳಲಿ ಬಿಡಿ.

ಅವನನ್ನು ಒಬ್ಬನೇ ಬಿಡಬೇಡಿ. ಮನೆಯಲ್ಲಿ, ಪಂಪ್ ಮನೆಯಲ್ಲಿ ಇರುವ ಬೆಳೆ ಔಷಧಿ ಎಲ್ಲವನ್ನೂ ಇವತ್ತೇ ತೆಗೆದು ಬೇರೆಯವರ ಮನೆಯಲ್ಲಿ ಬೀಗ ಹಾಕಿಸಿ. ಇದು ಸಣ್ಣ ಕೆಲಸ ಅನ್ನಿಸಬಹುದು. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ 2015ರ ಹೊತ್ತಿಗೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು 70% ಇಳಿಯಿತು. ಆ ಒಂದು ಕೆಟ್ಟ ಗಳಿಗೆಯಲ್ಲಿ ಕೈಗೆ ಸಿಗದಿದ್ದರೆ ಎಷ್ಟೋ ಜನ ಆ ಗಳಿಗೆಯನ್ನು ದಾಟುತ್ತಾರೆ.

ಆಮೇಲೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಹೊರಡುವ ಮುಂಚೆ, ರಾತ್ರಿ ಆಗಿದ್ದರೂ ಸರಿ, ಸರ್ಕಾರಿ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ನೀವೇ ಮಾಡಬಹುದು. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು ಎಂದು ಅವನಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಐದನೇ ದಿನಕ್ಕೆ "ಇದರಿಂದಲೂ ಏನೂ ಆಗಲಿಲ್ಲ" ಅನ್ನುತ್ತಾನೆ. ಸಾಲದ ಕಾಗದಗಳನ್ನು ಅವನ ಕೈಯಿಂದ ನೀವು ತಗೊಳ್ಳಿ, ಬ್ಯಾಂಕಿಗೂ ಸೊಸೈಟಿಗೂ ಕೆಲವು ದಿನ ನೀವೇ ಹೋಗಿ. ಸಾಲ ಮಾತ್ರೆಯಿಂದ ತೀರುವುದಿಲ್ಲ, ಆ ಮಾತನ್ನ ಯಾವ ಡಾಕ್ಟರೂ ಅಲ್ಲಗಳೆಯುವುದಿಲ್ಲ.

ಸಾಯಲು ಹೋಗಿದ್ದು ಗೊತ್ತಾದರೆ ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಗೆ ಆಸ್ಪತ್ರೆಯಲ್ಲಿ ಸುಳ್ಳು ಹೇಳುವ ಮನೆಗಳನ್ನು ನೋಡಿದ್ದೇನೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಕಾಣುತ್ತದೆ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕೆಲಸ ಅನ್ನುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ 309ನೇ ಕಲಮು ಇಲ್ಲ. ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳಿ.

ತಮ್ಮಾ, ಪತ್ರಿಕೆ ಅಚ್ಚಾಗುವವರೆಗೆ ಕಾಯಬಾರದು ಅಂತ ಇದೇ ಉತ್ತರವನ್ನು ನಿಮಗೆ ಮೊದಲೇ ಕಳಿಸಿದ್ದೇನೆ. ನಿಮ್ಮ ಪತ್ರ ಇಲ್ಲಿ ಹಾಕಿದ್ದು ಬೇರೆ ತಮ್ಮಂದಿರಿಗಾಗಿ.

ಪ್ರಶ್ನೆ: 14416ಕ್ಕೆ ಮಾಡಿದರೆ ದುಡ್ಡು ಕಟ್ ಆಗುತ್ತಾ? ಹಾಸ್ಟೆಲ್‌ನಲ್ಲಿ ಗೊತ್ತಾಗುತ್ತಾ? (ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ದುಡ್ಡಿಲ್ಲ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಮಾತು ಹಾಸ್ಟೆಲ್ ವಾರ್ಡನ್‌ಗೆ ತಲುಪಿಸುವುದು ಅವರ ಕೆಲಸವಲ್ಲ. ರೂಮಿನಲ್ಲಿ ನಾಲ್ವರು ಇದ್ದರೆ ಟೆರೇಸ್ ಬೇಡ, ಕೆಳಗಿನ ಅಂಗಳದಲ್ಲಿ ಕೂತು ಮಾತಾಡಿ. ಪರೀಕ್ಷೆಯ ಹೆದರಿಕೆಯೂ ಫೋನ್ ಮಾಡುವಷ್ಟು ದೊಡ್ಡದೇ, "ಇಷ್ಟಕ್ಕೆಲ್ಲ ಮಾಡಬಹುದಾ" ಅಂತ ಅಂದುಕೊಳ್ಳಬೇಡಿ.

ಪ್ರಶ್ನೆ: ಸಿಸ್ಟರ್, ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ 18 ಜನ ಇದ್ದೇವೆ. ಒಂದು ದಿನ ಬಂದು ಮಾತಾಡ್ತೀರಾ? ಮಂಗಳವಾರ ಎಲ್ಲರಿಗೂ ಬಿಡುವು. (ಮಲೇಬೆನ್ನೂರು ಹತ್ತಿರದ ಒಂದು ಹಳ್ಳಿ)

ಉತ್ತರ: ಬರುತ್ತೇನೆ. ಹಾರ, ಶಾಲು ಬೇಡ, ಜೋಳದ ರೊಟ್ಟಿ ಇದ್ದರೆ ಸಂತೋಷ. ಮಂಗಳವಾರ ಮಾತ್ರ ಆಗುವುದಿಲ್ಲ. ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಇನ್ನೂ ಏಳು ಮನೆ ಇವೆ. ಬುಧವಾರ ಬಂದರೆ ಆದೀತಾ?